ಕೊನೆಯ ಕಂತು ಪಡೆದ ಮೇಲೆ: ಮನೆ ನವೀಕರಣ ಸಂಸ್ಥೆಯೊಂದರ ಎಂಟು ತಿಂಗಳ ಸೇವೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆ ಸುಮಾರು 30 ವರ್ಷ ಹಳೆಯದು. ನೆಲಮಹಡಿಯಲ್ಲಿ 78 ವರ್ಷದ ನನ್ನ ತಾಯಿ ಇರುತ್ತಾರೆ. ಅವರು ಜಾರಿ ಬೀಳದಂತೆ ಬಚ್ಚಲುಮನೆಯನ್ನು ಸರಿಪಡಿಸಬೇಕೆಂದು ಆರಂಭವಾದ ಯೋಚನೆ ಎರಡು ಬಚ್ಚಲುಮನೆ, ಅಡುಗೆಮನೆ, ವಿದ್ಯುತ್ ವೈರಿಂಗ್ ಮತ್ತು ಬಣ್ಣದ ಕೆಲಸದವರೆಗೂ ಬೆಳೆಯಿತು. ನಗರದ ನವೀಕರಣ ಸಂಸ್ಥೆಯೊಂದಕ್ಕೆ ಒಟ್ಟು 9 ಲಕ್ಷ 40 ಸಾವಿರ ರೂಪಾಯಿಗೆ ಕೆಲಸ ಒಪ್ಪಿಸಿದೆವು. ಫೆಬ್ರುವರಿಯ ಎರಡನೆಯ ವಾರ ಮನೆಯನ್ನು ನಮಗೆ ಬಿಟ್ಟುಕೊಟ್ಟರು, ಅದೇ ದಿನ ಕೊನೆಯ ಕಂತನ್ನೂ ಪಡೆದರು. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಕೆಲಸ ಮುಗಿದ ಮೇಲೆ ಅವರು ನಡೆದುಕೊಂಡ ರೀತಿಯನ್ನು ಮಾತ್ರ ಬರೆಯುತ್ತೇನೆ, ಏಕೆಂದರೆ ಕೆಲಸ ನಡೆಯುವಾಗಿನ ಮಾತುಗಳಿಗಿಂತ ಆಮೇಲಿನ ಎಂಟು ತಿಂಗಳುಗಳೇ ನಮಗೆ ಹೆಚ್ಚು ತಿಳಿಸಿಕೊಟ್ಟವು.

ಮೊದಲು ಒಳ್ಳೆಯದನ್ನು ಹೇಳಬೇಕು. ವಿದ್ಯುತ್ ಕೆಲಸದಲ್ಲಿ ಕೊರತೆಯಿಲ್ಲ. ಗೀಸರ್‌ಗೆ ಪ್ರತ್ಯೇಕ ಲೈನ್ ಎಳೆದಿದ್ದಾರೆ, ಎಲ್ಲ ಪಾಯಿಂಟ್‌ಗಳಿಗೂ ಅರ್ಥಿಂಗ್ ಇದೆ, ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿದ್ದಾರೆ. ಗೋಡೆಗಳ ಟೈಲ್ಸ್ ಜೋಡಣೆಯೂ ಅಚ್ಚುಕಟ್ಟಾಗಿದೆ. ಬಣ್ಣದವರು ಹೋಗುವಾಗ ನೆಲ ಒರೆಸಿ ಹೋದರು.

ಮೊದಲ ದೂರು ಅಡುಗೆಮನೆಯದು. ಸಿಂಕ್‌ನ ಕೆಳಗಿನ ಕಪಾಟಿನ ತಳದ ಹಲಗೆ ಮಾರ್ಚ್ ತಿಂಗಳಲ್ಲೇ ಉಬ್ಬಿತು. ಅಂಚಿನ ಪಟ್ಟಿ ಬಿಟ್ಟುಕೊಂಡ ಕಡೆ ನೋಡಿದಾಗ ಪ್ಲೈವುಡ್ ಮೇಲೆ ಐಎಸ್ 303 ಎಂಬ ಮುದ್ರೆ ಕಂಡಿತು. ಅದು ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನದಂಡ, ಕೋಣೆಯ ಕಪಾಟುಗಳಿಗೆ ಸಾಕು. ನೀರು ಸೋಕುವ ಸಿಂಕ್‌ನ ಕೆಳಗೆ ಕುದಿನೀರನ್ನೂ ತಡೆಯುವ ಐಎಸ್ 710 ದರ್ಜೆಯೇ ಬೇಕು. ನಮ್ಮ ಕೊಟೇಶನ್‌ನಲ್ಲಿ 710 ಎಂದು ಸ್ಪಷ್ಟವಾಗಿ ಬರೆದಿತ್ತು. ಮುದ್ರೆಯ ಚಿತ್ರವನ್ನೂ ಕೊಟೇಶನ್‌ನ ಆ ಸಾಲನ್ನೂ ಒಟ್ಟಿಗೆ ಕಳುಹಿಸಿದೆ. ಒಂದು ಮಾತೂ ಎದುರಾಡದೆ ನಾಲ್ಕೇ ದಿನದಲ್ಲಿ ಬಡಗಿಯನ್ನು ಕಳುಹಿಸಿ ಹಲಗೆ ಬದಲಿಸಿಕೊಟ್ಟರು. ಇಷ್ಟು ಚುರುಕಾಗಿ ಸ್ಪಂದಿಸುವ ಸಂಸ್ಥೆಯೆಂದು ಆಗ ಸಂತೋಷಪಟ್ಟೆ.

ಬಚ್ಚಲುಮನೆಯ ವಿಷಯದಲ್ಲಿ ಅದೇ ಸಂಸ್ಥೆ ಬೇರೆಯದೇ ಸಂಸ್ಥೆಯಂತೆ ನಡೆದುಕೊಂಡಿತು. ಮಹಡಿಯ ಬಚ್ಚಲುಮನೆ ಏಪ್ರಿಲ್‌ವರೆಗೆ ಬಳಕೆಯಲ್ಲಿರಲಿಲ್ಲ. ಬೇಸಿಗೆ ರಜೆಗೆ ತಂಗಿಯ ಮಕ್ಕಳು ಬಂದು ದಿನವೂ ಅಲ್ಲಿ ಸ್ನಾನ ಮಾಡಲು ಆರಂಭಿಸಿ ಹತ್ತು ದಿನವಾಗುವಷ್ಟರಲ್ಲಿ ಅಮ್ಮನ ಕೋಣೆಯ ಗೋಡೆಯ ಮೇಲ್ಭಾಗದಲ್ಲಿ ತೇವದ ಕಲೆ ಮೂಡಿತು. ಆಮೇಲೆ ಪುಟ್ಟಿ ಉಬ್ಬಿ ಉದುರತೊಡಗಿತು, ಗೋಡೆಯಿಂದ ಬಿಳಿ ಉಪ್ಪು ಹೊರಬಂದಿತು. ದೂರು ಕೊಟ್ಟು ಎರಡು ವಾರ ಕಳೆದ ಮೇಲೆ ಸಂಸ್ಥೆಯ ಸೂಪರ್‌ವೈಸರ್ ಬಂದರು. ಅಷ್ಟರಲ್ಲಿ ಭರಣಿ ಮಳೆ ಚೆನ್ನಾಗಿ ಸುರಿದಿತ್ತು. "ಮೇಡಂ, ಇದು ಮಳೆ ನೀರು, ನಿಮ್ಮ ಹಳೇ ಗೋಡೆ ಕುಡೀತಾ ಇದೆ, ನಮ್ಮ ಕೆಲಸದ್ದಲ್ಲ" ಎಂದರು. ಮಳೆಗೆ ಮೊದಲೇ ನಾನು ತೆಗೆದಿದ್ದ ಚಿತ್ರಗಳಲ್ಲಿ ದಿನಾಂಕವಿತ್ತು. ಅವನ್ನು ತೋರಿಸಿದ ಮೇಲೆ ಒಬ್ಬ ಕೆಲಸಗಾರರನ್ನು ಕಳುಹಿಸಿ ಟೈಲ್ಸ್ ಸಂದುಗಳಿಗೆ ಬಿಳಿ ಸಿಮೆಂಟನ್ನೂ ಮೂಲೆಗಳಿಗೆ ಸಿಲಿಕೋನನ್ನೂ ತುಂಬಿಸಿದರು. ಮೂರು ವಾರ ಗೋಡೆ ಒಣಗಿದಂತೆ ಕಂಡಿತು. ಮಕ್ಕಳು ಊರಿಗೆ ಹೋಗಿದ್ದುದರಿಂದ ಒಣಗಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ಸೋರಿಕೆ ಎಲ್ಲಿಂದ ಎಂದು ಗೊತ್ತಾಗದೆ ಯಾರೂ ಯಾವ ಟೈಲ್ಸನ್ನೂ ಒಡೆಯಬಾರದು ಎಂದು ಹೇಳಿದವರು ನಮ್ಮ ಬೀದಿಯ ಹಿರಿಯ ಮೇಸ್ತ್ರಿಯೊಬ್ಬರು. ಅವರು ಮಾಡಿಸಿದ ಪರೀಕ್ಷೆಯನ್ನು ವಿವರವಾಗಿ ಬರೆಯುತ್ತೇನೆ, ಇದೇ ತೊಂದರೆಯಲ್ಲಿರುವವರಿಗೆ ನೆರವಾಗಬಹುದು. ಬಚ್ಚಲುಮನೆಯ ಸೋರಿಕೆಗೆ ಸಾಮಾನ್ಯವಾಗಿ ಮೂರು ಮೂಲಗಳು: ಗೋಡೆಯೊಳಗಿನ ನೀರಿನ ಪೈಪು, ಹೊರಹೋಗುವ ಪೈಪು, ನೆಲ. ನೀರಿನ ಪೈಪು ಒಡೆದಿದ್ದರೆ ಯಾರೂ ಸ್ನಾನ ಮಾಡದಿದ್ದರೂ ತೇವ ಬಿಡದೆ ಇರುತ್ತದೆ. ಪ್ಲಂಬರ್ ಒಬ್ಬರು ಎಲ್ಲ ನಲ್ಲಿಗಳನ್ನು ಮುಚ್ಚಿ ಕೈಪಂಪಿನಿಂದ ಲೈನ್‌ಗೆ ಒತ್ತಡ ಕೊಟ್ಟರು. ಒಂದು ಗಂಟೆಯಾದರೂ ಮಾಪಕದ ಮುಳ್ಳು ಇಳಿಯಲಿಲ್ಲ, ಹಾಗಾಗಿ ಆ ಪೈಪಿನ ಮೇಲಿನ ಅನುಮಾನ ಹೋಯಿತು. ಮರುದಿನ ನೆಲ ನೆನೆಯದಂತೆ ನಹಾನಿ ಟ್ರ್ಯಾಪ್‌ನೊಳಕ್ಕೆ (ನೆಲದ ನೀರು ಹೊರಹೋಗುವ ಕಿಂಡಿ) ನೇರವಾಗಿ ಹತ್ತು ಬಕೆಟ್ ನೀರು ಸುರಿದು ಸಂಜೆಯವರೆಗೆ ಕಾದೆವು. ಕೆಳಗೆ ತೇವ ಹೆಚ್ಚಲಿಲ್ಲ. ಮೂರನೆಯ ದಿನ ಟ್ರ್ಯಾಪ್‌ಗೆ ಬಟ್ಟೆ ಬಿಗಿದು, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೆ ಬೆರೆಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆದರು. 24 ಗಂಟೆಯಲ್ಲಿ ನೀರು ಗೆರೆಯಿಂದ ಒಂದು ಬೆರಳಿನಷ್ಟು ಇಳಿದಿತ್ತು, ಅಮ್ಮನ ಕೋಣೆಯ ಚಾವಣಿಯ ಮೂಲೆಯಲ್ಲಿ ನಸುನೀಲಿ ಕಲೆ ಮೂಡಿತ್ತು. ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರವೇ ಕೆಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಟೈಲ್ಸ್ ಸಂದಿಗೆ ಸಿಮೆಂಟ್ ತುಂಬುವುದು ಇದಕ್ಕೆ ಮದ್ದಲ್ಲ, ಏಕೆಂದರೆ ಟೈಲ್ಸ್ ಮತ್ತು ಸಂದಿಗೆ ತುಂಬುವ ಗ್ರೌಟ್ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕಾದದ್ದು ಅವುಗಳ ಕೆಳಗಿನ ಪದರ.

ಅದೇ ಮೇಸ್ತ್ರಿಯವರು ಕೆಳಗಿನ ಬಚ್ಚಲುಮನೆಗೂ ರಸಮಟ್ಟ ಇಟ್ಟು ನೋಡಿದರು. ನೆಲ ಮೀಟರಿಗೆ ಕನಿಷ್ಠ 1 ಸೆಂಟಿಮೀಟರಿನಷ್ಟಾದರೂ ಟ್ರ್ಯಾಪ್ ಕಡೆಗೆ ಇಳಿಜಾರಾಗಿರಬೇಕು. ನಮ್ಮಲ್ಲಿ ಒಂದು ಮೂಲೆ ಅದಕ್ಕೆ ತದ್ವಿರುದ್ಧವಾಗಿ ಇಳಿದಿತ್ತು, ಅಮ್ಮ ಕಾಲಿಡುವ ಜಾಗದಲ್ಲೇ ದಿನವಿಡೀ ನೀರು ನಿಲ್ಲುತ್ತಿತ್ತು. ಯಾರ ಸುರಕ್ಷತೆಗಾಗಿ ಇಷ್ಟು ಹಣ ಹಾಕಿದೆವೋ ಅವರ ಕಾಲಡಿಯಲ್ಲೇ ನೀರು ನಿಂತಿದೆಯಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ನಾಣ್ಯದಿಂದ ತಟ್ಟಿದಾಗ ಅಲ್ಲಿನ ಐದು ಟೈಲ್ಸ್‌ಗಳು ಟೊಳ್ಳು ಸದ್ದು ಕೊಟ್ಟವು, ಅಂದರೆ ಅವುಗಳ ಕೆಳಗೆ ಗಾರೆ ಪೂರ್ತಿ ತುಂಬಿರಲಿಲ್ಲ.

ಈ ಎಲ್ಲವನ್ನೂ ಚಿತ್ರಸಹಿತ ಕಳುಹಿಸಿದ ಮೇಲೆ ಸಂಸ್ಥೆಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಕಾರಣ ಹುಡುಕಿದಾಗ ನಮ್ಮ ಕೊಟೇಶನ್‌ನಲ್ಲೇ ಸಿಕ್ಕಿತು. ಪ್ಲೈವುಡ್‌ಗೆ ದರ್ಜೆ ಬರೆದಿತ್ತು, ಬಚ್ಚಲುಮನೆಗೆ "ವಾಟರ್‌ಪ್ರೂಫಿಂಗ್ ಸಹಿತ" ಎಂಬ ಎರಡೇ ಪದ. ಯಾವ ವಸ್ತು, ಎಷ್ಟು ಕೋಟು, ಗೋಡೆಯ ಮೇಲೆ ಎಷ್ಟು ಎತ್ತರ, ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಟೈಲ್ಸ್ ಹಾಕಬೇಕೇ ಎಂಬ ಯಾವ ವಿವರವೂ ಇರಲಿಲ್ಲ. ಆ ಎರಡು ಪದಗಳ ಅರ್ಥವನ್ನು ಅವರು ತಮಗೆ ಬೇಕಾದಂತೆ ಮಾಡಿಕೊಂಡಿದ್ದರು.

ಬಂಧುಗಳೊಬ್ಬರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರಕ್ಕೆ ದೂರು ಕೊಡಿ ಎಂದರು. ಕಟ್ಟಡದ ದೋಷಕ್ಕೆ 5 ವರ್ಷ ಹೊಣೆಯೆಂಬ ರೇರಾ ನಿಯಮ ಮನೆ ಕಟ್ಟಿ ಮಾರುವ ಬಿಲ್ಡರ್‌ಗಳಿಗೆ ಸಂಬಂಧಿಸಿದ್ದು, ಸ್ವಂತ ಮನೆಯನ್ನು ನವೀಕರಿಸಿಕೊಡುವ ಗುತ್ತಿಗೆದಾರರಿಗೆ ಅನ್ವಯಿಸುವುದಿಲ್ಲ. ನಮ್ಮಂಥವರಿಗೆ ಇರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸೇವೆಯ ಕೊರತೆಯೆಂದು ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದಿಂದ 10 ಲಕ್ಷದವರೆಗೆ ಹಣ ಕೊಟ್ಟು ಪಡೆದ ಸೇವೆಯಾದರೆ ಶುಲ್ಕ 200 ರೂಪಾಯಿ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಬಹುದು. ಬಿಲ್ ಇಲ್ಲದೆ ಕೊಟ್ಟರೆ ಶೇ. 18ರ ಜಿಎಸ್‌ಟಿ ಉಳಿಯುತ್ತದೆ ಎಂದು ಆರಂಭದಲ್ಲಿ ಇದೇ ಸಂಸ್ಥೆಯವರು ಹೇಳಿದ್ದರು. ನಾವು ಒಪ್ಪದೆ ಬಿಲ್ ಪಡೆದಿದ್ದೆವು. ಆ ಬಿಲ್ ಇಲ್ಲದಿದ್ದರೆ ಮುಂದಿನ ಹೆಜ್ಜೆಗೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಜೂನ್‌ನಲ್ಲಿ ಬಿಲ್, ಪರೀಕ್ಷೆಯ ಚಿತ್ರಗಳು ಮತ್ತು 15 ದಿನಗಳ ಗಡುವಿನೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳುಹಿಸಿದೆವು. ಹನ್ನೊಂದನೆಯ ದಿನ ಸಂಸ್ಥೆಯ ಮಾಲೀಕರೇ ಮನೆಗೆ ಬಂದರು. ಅವರು ಅಮ್ಮನ ಕೋಣೆಯಲ್ಲಿ ನಿಂತು ಗೋಡೆ ನೋಡಿ, "ಅಮ್ಮ, ಇದನ್ನ ನಾನು ಮೊದಲೇ ಬಂದು ನೋಡಬೇಕಿತ್ತು" ಎಂದು ಹೇಳಿದ್ದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಜುಲೈನಲ್ಲಿ ಮಹಡಿಯ ಬಚ್ಚಲುಮನೆಯ ನೆಲವನ್ನು ಪೂರ್ತಿ ಒಡೆದರು. ಹಳೆಯ ಪದರ ನೆಲದ ಅಂಚಿಗೇ ನಿಂತಿತ್ತು, ಗೋಡೆಯ ಮೇಲೆ ಒಂದಿಂಚೂ ಏರಿರಲಿಲ್ಲ. ಟ್ರ್ಯಾಪ್‌ನ ಸುತ್ತ ಬರೀ ಗಾರೆ ಮೆತ್ತಿದ್ದರು. ಈ ಬಾರಿ ಒಂದಕ್ಕೊಂದು ಅಡ್ಡಲಾಗಿ ಎರಡು ಕೋಟು ಬಳಿಸಿ, ಗೋಡೆಯ ಮೇಲೆ ಒಂದು ಅಡಿ ಏರಿಸಿ, 48 ಗಂಟೆ ನೀರು ನಿಲ್ಲಿಸಿ, ಕೆಳಗೆ ಒಣಗಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಟೈಲ್ಸ್ ಹಾಕಿದರು. ಕೆಳಗಿನ ಬಚ್ಚಲುಮನೆಯ ಆ ಮೂಲೆಯನ್ನೂ ಇಳಿಜಾರು ಸರಿಮಾಡಿ ಮತ್ತೆ ಹಾಕಿದರು. ಕೂಲಿ, ಸಾಮಾನು ಎರಡನ್ನೂ ಅವರೇ ಭರಿಸಿದರು. ಮೇಸ್ತ್ರಿ ಮತ್ತು ಪ್ಲಂಬರ್‌ಗೆ ನಾವು ಕೊಟ್ಟ 4,500 ರೂಪಾಯಿಯನ್ನು ಮಾತ್ರ ಕೇಳಿದರೂ ಕೊಡಲಿಲ್ಲ.

ಐದು ಅಂಕಗಳಲ್ಲಿ ಈ ಸಂಸ್ಥೆಗೆ ಎರಡೂವರೆ ಕೊಡುತ್ತೇನೆ. ಎರಡನೆಯ ಸಲ ಮಾಡಿದ ಕೆಲಸ ನಾಲ್ಕಕ್ಕೆ ಅರ್ಹ. ನೋಟಿಸ್ ತಲುಪುವವರೆಗೆ ತೋರಿದ ಅಸಡ್ಡೆಗೆ ಒಂದಕ್ಕಿಂತ ಹೆಚ್ಚು ಕೊಡಲು ನನಗೆ ಮನಸ್ಸಾಗದು. ಇವರಿಂದ ಕೆಲಸ ಮಾಡಿಸುವವರು ವಾಟರ್‌ಪ್ರೂಫಿಂಗ್‌ನ ಪ್ರತಿ ವಿವರವನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಲಿ, ಒಟ್ಟು ಮೊತ್ತದಲ್ಲಿ ಶೇ. 10ರಷ್ಟನ್ನಾದರೂ ಒಂದು ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುತ್ತೇವೆಂದು ಕೆಲಸಕ್ಕೆ ಮೊದಲೇ ಒಪ್ಪಿಸಿಕೊಳ್ಳಲಿ. ಮಹಡಿಯ ಬಚ್ಚಲುಮನೆಗೆ ಈಗ ಎರಡು ವರ್ಷದ ಗ್ಯಾರಂಟಿಯನ್ನು ಸಹಿ ಮಾಡಿ ಕೊಟ್ಟಿದ್ದಾರೆ. ಅಮ್ಮನ ಕೋಣೆಯ ಗೋಡೆಗೆ ಪುಟ್ಟಿ, ಬಣ್ಣ ಇನ್ನೂ ಬಾಕಿ ಇದೆ. ಹಸಿ ಪೂರ್ತಿ ಆರುವವರೆಗೆ ಬೇಡವೆಂದು ನಾವೇ ತಡೆದಿದ್ದೇವೆ. ದೀಪಾವಳಿ ಕಳೆದ ಮೇಲೆ ಬಣ್ಣದವರನ್ನು ಕಳುಹಿಸುವುದಾಗಿ ಮಾಲೀಕರು ಈ ಸಲ ಬರವಣಿಗೆಯಲ್ಲೇ ತಿಳಿಸಿದ್ದಾರೆ.