ಹಳೆಯ ಸೂಪರ್ 8 ಕ್ಯಾಮೆರಾ ರಿಪೇರಿ: ಮೋಟಾರಿನ ಸದ್ದನ್ನು ನಂಬಿ ಹಣ ಕೊಡಬೇಡಿ

ಹಳೆಯ ಸೂಪರ್ 8 ಸಿನಿ ಕ್ಯಾಮೆರಾವನ್ನು (8 ಮಿಮೀ ಫಿಲ್ಮಿನಲ್ಲಿ ಚಲನಚಿತ್ರ ತೆಗೆಯುವ ಕ್ಯಾಮೆರಾ) ರಿಪೇರಿಗೆ ಕೊಟ್ಟವರು ಅದನ್ನು ಮರಳಿ ಪಡೆಯುವಾಗ, ಗುಂಡಿ ಒತ್ತಿದೊಡನೆ ಕೇಳಿಸುವ ಮೋಟಾರಿನ ಸದ್ದೊಂದನ್ನೇ ನಂಬಿ ಹಣ ಕೊಡಬಾರದೆಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ. ಮೋಟಾರು ತಿರುಗುವುದು ಬೇರೆ, ಕ್ಯಾಮೆರಾ ಚಿತ್ರ ಹಿಡಿಯುವುದು ಬೇರೆ. ಈ ವ್ಯತ್ಯಾಸವನ್ನು ಅಂಗಡಿಯವರು ಮುಚ್ಚಿಟ್ಟ ಕಾರಣ, ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ನಾವು ತೆಗೆದದ್ದೆಲ್ಲ ಹಾಳಾಯಿತು. ಆ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ.

ಕ್ಯಾಮೆರಾ ನನ್ನ ಸೋದರಮಾವನದು. 1970ರ ದಶಕದಲ್ಲಿ, ಅಂದರೆ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಹೊರದೇಶದಿಂದ ಬಂದದ್ದು. ಹಿಡಿಕೆಯೊಳಗೇ ಉಳಿದಿದ್ದ ಸೆಲ್‌ಗಳು ಸೋರಿ, ಲೋಹದ ಪಟ್ಟಿಗಳ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿತ್ತು. ಮೋಟಾರು ನಿಧಾನವಾಗಿ ಎಳೆದಾಡುತ್ತಿತ್ತು. ಲೆನ್ಸ್ ಮಾತ್ರ ಫಂಗಸ್ ಇಲ್ಲದೆ ಸ್ವಚ್ಛವಾಗಿತ್ತು. ನಮ್ಮ ಬಯಲುಸೀಮೆಯ ಒಣ ಹವೆಯಿಂದ ಅಷ್ಟಾದರೂ ಉಪಕಾರವಾಗಿತ್ತು. ಊರಿನ ರಿಪೇರಿ ಅಂಗಡಿಯೊಂದರವರು ಪೂರ್ತಿ ಸರ್ವಿಸ್ ಮಾಡಿರುವುದಾಗಿ ಹೇಳಿ, ಗುಂಡಿ ಒತ್ತಿ ತೋರಿಸಿ, "ಸೌಂಡ್ ಕೇಳ್ರಿ ಸರ, ಹೊಸದರಂಗ ಐತಿ" ಎಂದರು. ಸದ್ದು ನಿಜಕ್ಕೂ ಚೆನ್ನಾಗಿತ್ತು.

ಸೂಪರ್ 8ರ ಒಂದು ಫಿಲ್ಮ್ ಡಬ್ಬಿಯಲ್ಲಿ, ಅಂದರೆ ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮ್ ಇರುತ್ತದೆ. ಸೆಕೆಂಡಿಗೆ 18 ಫ್ರೇಮ್‌ನಂತೆ ಓಡಿಸಿದರೆ ಅದು 3 ನಿಮಿಷ 20 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟಕ್ಕೇ ಸಾವಿರಾರು ರೂಪಾಯಿ ತೆತ್ತು, ಜಾತ್ರೆಯ ಉರಿಬಿಸಿಲಿನಲ್ಲಿ ತೆಗೆದ ಕಪ್ಪುಬಿಳುಪು ರಿವರ್ಸಲ್ ಫಿಲ್ಮ್ (ತೊಳೆದಾಗ ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ, ಬೆಳಕು ಹೆಚ್ಚಾದಷ್ಟೂ ಬಿಳಿಯಾಗುವ ಫಿಲ್ಮ್) ಹೊರ ಊರಿನ ಲ್ಯಾಬ್‌ನಲ್ಲಿ ತೊಳೆಸಿ ಬಂದಾಗ ಮೊದಲಿನಿಂದ ಕೊನೆಯವರೆಗೆ ಬಿಳಿಚಿಕೊಂಡಿತ್ತು. ಅನಂತರ ಬೆಂಗಳೂರಿನಲ್ಲಿ ಈ ಕೆಲಸ ಬಲ್ಲವರೊಬ್ಬರು ಬಿಚ್ಚಿ ನೋಡಿದರು. ಮೋಟಾರು ಸಲೀಸಾಗಿ ತಿರುಗಲೆಂದು ಅಂಗಡಿಯವರು ಒಳಗೆಲ್ಲ ಸ್ಪ್ರೇ ಎಣ್ಣೆ ಹೊಡೆದಿದ್ದರು. ಬೆಳಕಿನ ಪ್ರಮಾಣವನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್‌ನ ಎಲೆಗಳು ಬಹಳ ತೆಳು. ಅವನ್ನು ಸರಿಸುವುದು ಬೆಳಕನ್ನು ಅಳೆಯುವ ಲೈಟ್ ಮೀಟರಿನ ಅತಿ ಕಡಿಮೆ ಬಲ. ಎಲೆಗಳ ನಡುವೆ ಎಣ್ಣೆ ಹರಡಿದರೆ ಆ ಅಂಟನ್ನು ಬಿಡಿಸುವ ಶಕ್ತಿ ಅದಕ್ಕಿರುವುದಿಲ್ಲ. ನಮ್ಮ ಕ್ಯಾಮೆರಾದಲ್ಲಿ ಅವು ಪೂರ್ತಿ ತೆರೆದ ಸ್ಥಿತಿಯಲ್ಲೇ ಅಂಟಿಕೊಂಡಿದ್ದವು. ಎಣ್ಣೆ ಹಾಕಿದ್ದರಿಂದ ಸದ್ದು ಇಂಪಾಯಿತು, ಅದೇ ಎಣ್ಣೆಯಿಂದ ಚಿತ್ರ ಕೆಟ್ಟಿತು.

ಇದನ್ನು ಅಂಗಡಿಯ ಮೇಜಿನ ಮೇಲೆಯೇ, ಫಿಲ್ಮ್ ಇಲ್ಲದೆ ಪರೀಕ್ಷಿಸಬಹುದು. ಕಾರ್ಟ್ರಿಜ್ ಕೂರಿಸುವ ಬಾಗಿಲನ್ನು ತೆರೆದು, ಲೆನ್ಸನ್ನು ಬೆಳಕಿರುವ ಕಿಟಕಿಯ ಕಡೆ ಹಿಡಿದು, ಗುಂಡಿ ಒತ್ತುತ್ತ ಹಿಂಬದಿಯಿಂದ ಗೇಟಿನ, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಕಿಂಡಿಯ, ಸಣ್ಣ ಚೌಕದೊಳಗೆ ನೋಡಬೇಕು. ಶಟರ್ ತಿರುಗುತ್ತಿದ್ದರೆ ಬೆಳಕು ಮಿಣುಕುತ್ತದೆ. ಪಕ್ಕದಲ್ಲಿ ಫಿಲ್ಮನ್ನು ಎಳೆಯುವ ಪುಟ್ಟ ಕೊಕ್ಕೆ ಏರಿಳಿಯುವುದೂ, ಕಾರ್ಟ್ರಿಜ್‌ನೊಳಗೆ ಫಿಲ್ಮ್ ಸುತ್ತಿಸುವ ಮೊಳೆ ತಿರುಗುವುದೂ ಕಾಣಬೇಕು. ಬಳಿಕ ಕ್ಯಾಮೆರಾವನ್ನು ಕಿಟಕಿಯಿಂದ ಕತ್ತಲ ಮೂಲೆಗೆ, ಮತ್ತೆ ಕಿಟಕಿಗೆ ತಿರುಗಿಸಿದಾಗ ಅಪರ್ಚರ್‌ನ ರಂಧ್ರ ಹಿಗ್ಗಿ ಕುಗ್ಗುವುದೇ ಎಂದು ಗಮನಿಸಬೇಕು. ಇಷ್ಟು ನೋಡಲು ಬಿಡದ ಅಂಗಡಿಯಿಂದ ಕ್ಯಾಮೆರಾವನ್ನು ವಾಪಸು ತರುವುದೇ ಮೇಲು. ಹೊಸ ಕಾರ್ಟ್ರಿಜ್ ಹಾಕಿದ ಮೇಲೂ ಅನುಮಾನ ಉಳಿದರೆ, ಕಾಣುವ ಫಿಲ್ಮಿನ ಮೇಲೆ ಪೆನ್ನಿನಿಂದ ಸಣ್ಣ ಗುರುತು ಹಾಕಿ, ಎರಡು ಮೂರು ಸೆಕೆಂಡು ಓಡಿಸಿ ಹೊರತೆಗೆದು ನೋಡಿ. ಗುರುತು ಅಲ್ಲೇ ಇದ್ದರೆ ಫಿಲ್ಮ್ ಮುಂದೆ ಹೋಗುತ್ತಿಲ್ಲ. ಇದರಲ್ಲಿ ಕೆಲವು ಫ್ರೇಮ್‌ಗಳು ನಷ್ಟವಾಗುತ್ತವೆ, ಎಷ್ಟು ಅಡಿ ಓಡಿತೆಂಬ ಲೆಕ್ಕವೂ ಸೊನ್ನೆಗೆ ಮರಳುತ್ತದೆ.

ಸೋರಿದ ಸೆಲ್‌ನ ಕಲೆಯನ್ನು ಆ ಅಂಗಡಿಯವರು ಉಜ್ಜುಕಾಗದದಿಂದ ಕೆರೆದಿದ್ದರು. ಹಾಗೆ ಕೆರೆದರೆ ಮೇಲಿನ ಲೇಪ ಹೋಗಿ ಲೋಹ ಮತ್ತೆ ಬೇಗ ತುಕ್ಕು ಹಿಡಿಯುತ್ತದೆ. ಆಲ್ಕಲೈನ್ ಸೆಲ್ ಸೋರಿದ್ದರೆ ಹತ್ತಿಯ ಕಡ್ಡಿಗೆ ತುಸು ವಿನೆಗರ್ ತಾಗಿಸಿ ಒರೆಸಿ, ಚೆನ್ನಾಗಿ ಒಣಗಿಸಿದರೆ ಸಾಕು. ಲೈಟ್ ಮೀಟರಿಗೆಂದೇ ಬೇರೆ ಗುಂಡಿ ಸೆಲ್ ಬೇಡುವ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಅನೇಕವು 1.35 ವೋಲ್ಟ್‌ನ ಪಾದರಸದ ಸೆಲ್‌ಗೆ ಹೊಂದಿಸಿದಂಥವು. ಆ ಸೆಲ್ ಈಗ ಸಿಗದೆಂದು ಅಂಗಡಿಯವರು 1.5 ವೋಲ್ಟ್‌ನ ಆಲ್ಕಲೈನ್ ಸೆಲ್ ತುರುಕಿದರೆ, ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕಿದೆಯೆಂದು ತೋರಿಸಿ ಚಿತ್ರ ಕಪ್ಪಾಗಬಹುದು. ಕಿವಿಯ ಯಂತ್ರಕ್ಕೆ ಬಳಸುವ 1.4 ವೋಲ್ಟ್‌ನ ಜಿಂಕ್-ಏರ್ ಸೆಲ್ ಇದಕ್ಕೆ ಹತ್ತಿರದ ಬದಲಿ.

ಅದೇ ಅಂಗಡಿಯವರು ಹಳೆಯ ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಬಣ್ಣದ ಫಿಲ್ಮ್) ಕಾರ್ಟ್ರಿಜ್ ಒಂದನ್ನೂ ಮಾರಲು ನೋಡಿದ್ದರು. ಕೊಳ್ಳಬೇಡಿ; ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಾಸ್‌ನಲ್ಲಿದ್ದದ್ದು, 2010ರ ಡಿಸೆಂಬರ್ 30ರ ಬಳಿಕ ಫಿಲ್ಮ್ ಸ್ವೀಕರಿಸುವುದನ್ನು ನಿಲ್ಲಿಸಿತು.

ಹಣ ಮರಳಿ ಕೇಳಿದಾಗ, ಎಣ್ಣೆ ಹಾಕಿದವರು ತಾವಲ್ಲವೆಂದು ಅಂಗಡಿಯವರು ವಾದಿಸಿದರು. ರಸೀದಿಯಲ್ಲಿ "ಸರ್ವಿಸ್" ಎಂಬ ಒಂದೇ ಪದವಿದ್ದುದರಿಂದ ನಮ್ಮ ಮಾತಿಗೆ ಆಧಾರವಿರಲಿಲ್ಲ. ಆದ್ದರಿಂದ ಕ್ಯಾಮೆರಾ ಕೊಡುವ ಮೊದಲು ಗೇಟು ಮತ್ತು ಅಪರ್ಚರ್ ಇರುವ ಸ್ಥಿತಿಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಯಾವ ಭಾಗ ಬಿಚ್ಚುತ್ತಾರೆ, ಎಲ್ಲಿಗೆ ಏನು ಹಾಕುತ್ತಾರೆ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.