ಮಾಸ್ಟೊಡಾನ್: ಸರ್ವರ್ ನಡೆಸುವ ಸ್ವಯಂಸೇವಕರ ದೃಷ್ಟಿಯಿಂದ

2016ರಲ್ಲಿ ಆಯ್ಗೆನ್ ರೋಚ್ಕೊ ಆರಂಭಿಸಿದ ಮಾಸ್ಟೊಡಾನ್, ಕಿರುಬರಹಗಳನ್ನು ಹಂಚಿಕೊಳ್ಳುವ ಸಾಮಾಜಿಕ ಜಾಲ; ಆದರೆ ಇದು ಒಂದೇ ಸಂಸ್ಥೆಯ ಹಿಡಿತದಲ್ಲಿರುವ ಜಾಲತಾಣವಲ್ಲ. ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಂಡು ನಡೆಸಬಹುದಾದ ಮುಕ್ತ ತಂತ್ರಾಂಶ. ಹೀಗೆ ಎದ್ದ ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ಪ್ರೋಟೋಕಾಲ್ (ಸಂವಹನದ ಸಾಮಾನ್ಯ ನಿಯಮಾವಳಿ) ಮೂಲಕ ಒಂದಕ್ಕೊಂದು ಸಂಪರ್ಕದಲ್ಲಿರುತ್ತವೆ. ಇವುಗಳಲ್ಲಿ ಬಹಳಷ್ಟು ನಡೆಯುವುದು ಸಂಬಳವಿಲ್ಲದ ನಿರ್ವಾಹಕರ ಮತ್ತು ಸದಸ್ಯರ ಬರಹ, ನಡವಳಿಕೆಗಳ ಮೇಲೆ ನಿಗಾ ಇಡುವ ಮಾಡರೇಟರ್‌ಗಳ ದುಡಿಮೆಯಿಂದಲೇ ಆದ್ದರಿಂದ, ಅವರಿಗೆ ಈ ತಂತ್ರಾಂಶ ಎಷ್ಟು ಒದಗುತ್ತದೆ ಎಂಬುದನ್ನೇ ಇಲ್ಲಿ ನೋಡಲಾಗಿದೆ. ಸಮುದಾಯವನ್ನು ಕಾಯುವುದರಲ್ಲಿ ಇದು ಗಟ್ಟಿ, ಬೆಳೆಸುವುದರಲ್ಲಿ ಸಾಧಾರಣ.

ಮಾಡರೇಷನ್ ಸೌಲಭ್ಯಗಳನ್ನು ಯೋಚಿಸಿಯೇ ರೂಪಿಸಿದ್ದಾರೆ. ತಪ್ಪಿತಸ್ಥ ಖಾತೆಗೆ ಬರೀ ಎಚ್ಚರಿಕೆ ಕೊಡಬಹುದು, ಹಿಂಬಾಲಕರಲ್ಲದವರಿಗೆ ಅದರ ಬರಹಗಳು ಕಾಣದಂತೆ ಮಿತಿ ಹೇರಬಹುದು, ಅಥವಾ ಪೂರ್ತಿ ಅಮಾನತುಗೊಳಿಸಬಹುದು; ಕ್ರಮಕ್ಕೆ ಒಳಗಾದವರು ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಇನ್ನೊಂದು ಸರ್ವರ್‌ನ ಸದಸ್ಯರ ಮೇಲೆ ದೂರು ಬಂದರೆ, ದೂರು ಕೊಟ್ಟವರ ಹೆಸರು ಮರೆಮಾಡಿ ಅದರ ಪ್ರತಿಯನ್ನು ಅಲ್ಲಿನ ಮಾಡರೇಟರ್‌ಗಳಿಗೆ ಕಳುಹಿಸಬಹುದು. ಇಡೀ ಸರ್ವರ್ ಒಂದರ ಸಂಪರ್ಕವನ್ನೇ ಕಡಿದುಹಾಕುವ ಅಧಿಕಾರವೂ ಕೈಯಲ್ಲಿದೆ. ಆದರೆ ಅದನ್ನು ಬಳಸಿದಾಗ ಎರಡೂ ಕಡೆಯ ನಿರಪರಾಧಿಗಳ ಸ್ನೇಹಸಂಬಂಧಗಳು ಒಟ್ಟಿಗೇ ತುಂಡಾಗುತ್ತವೆ. ನಿಯಮಗಳನ್ನು ಬರೆಯುವ ಉತ್ಸಾಹ ಇರುವವರಲ್ಲಿ ಅನೇಕರಿಗೆ ಈ ನಿರ್ಧಾರದ ಭಾರ ಹೊರುವ ತಾಳ್ಮೆ ಇರುವುದಿಲ್ಲ.

ತಾಂತ್ರಿಕ ನಿರ್ವಹಣೆ ಸುಲಭವಲ್ಲ. ಬೇರೆ ಸರ್ವರ್‌ಗಳಿಂದ ಬರುವ ಚಿತ್ರ, ವಿಡಿಯೊಗಳ ಪ್ರತಿಗಳೂ ನಮ್ಮಲ್ಲೇ ಸಂಗ್ರಹವಾಗುವುದರಿಂದ, ಅವುಗಳನ್ನು ಇಷ್ಟು ದಿನಗಳ ನಂತರ ಅಳಿಸಬೇಕೆಂದು ನಿಗದಿಪಡಿಸದಿದ್ದರೆ ಸದಸ್ಯರು ಬೆರಳೆಣಿಕೆಯಷ್ಟಿದ್ದರೂ ಡಿಸ್ಕ್ ತುಂಬುತ್ತಾ ಹೋಗುತ್ತದೆ.

ಇನ್ನು ಬೆಳವಣಿಗೆಯ ಮಾತು. ಹೊಸಬರ ಮುಖಪುಟಕ್ಕೆ ಬರುವುದು ಅವರು ಹಿಂಬಾಲಿಸುವವರ ಮತ್ತು ಆರಿಸಿಕೊಂಡ ಹ್ಯಾಶ್‌ಟ್ಯಾಗ್‌ಗಳ ಬರಹಗಳು ಮಾತ್ರ; ಕಾಲಾನುಕ್ರಮದ ಈ ಏರ್ಪಾಡು ನೆಮ್ಮದಿಯದಾದರೂ ಆರಂಭದಲ್ಲಿ ಪುಟ ಭಣಗುಟ್ಟುತ್ತದೆ. ಅವರನ್ನು ಮಾತನಾಡಿಸಿ, ನಾಲ್ಕು ಜನರ ಪರಿಚಯ ಮಾಡಿಸುವ ಕೆಲಸವನ್ನು ತಂತ್ರಾಂಶ ಮಾಡುವುದಿಲ್ಲ, ಸ್ವಯಂಸೇವಕರೇ ಮಾಡಬೇಕು. 2022ರ ಕೊನೆಯಲ್ಲಿ ಟ್ವಿಟರ್‌ನ ಒಡೆತನ ಬದಲಾದಾಗ ಜನ ಪ್ರವಾಹದಂತೆ ಬಂದರು, ಅವರಲ್ಲಿ ಎಷ್ಟೋ ಮಂದಿ ನಿಲ್ಲಲಿಲ್ಲ. ಹೀಗಾಗಿ ನೋಂದಣಿಯನ್ನು ಎಲ್ಲರಿಗೂ ತೆರೆದಿಡುವುದಕ್ಕಿಂತ, ಸೇರುವ ಕಾರಣ ಕೇಳಿ ಅನುಮತಿ ನೀಡುವ ಆಯ್ಕೆಯೇ ಸಣ್ಣ ತಂಡಗಳಿಗೆ ಒಳ್ಳೆಯದು. ಸ್ವಾಗತಿಸುವವರ ಸಂಖ್ಯೆಯನ್ನು ಮೀರಿ ಸದಸ್ಯರನ್ನು ಸೇರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಸದಸ್ಯರು ಬೇರೆ ಸರ್ವರ್‌ಗೆ ಹೋಗುವಾಗ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಇದು ದೊಡ್ಡ ಕೊರತೆ. ಮಾಸ್ಟೊಡಾನ್ ಯೋಜನೆಯ ಅಧಿಕೃತ ಪಟ್ಟಿಯಲ್ಲಿ ಸೇರುವ ಸರ್ವರ್‌ಗಳು ಪ್ರತಿದಿನ ಬ್ಯಾಕಪ್ ಇಡಬೇಕು, ತುರ್ತಿಗೆ ಇನ್ನೊಬ್ಬರಿಗೂ ಪ್ರವೇಶ ನೀಡಿರಬೇಕು, ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು ಎಂಬ ಷರತ್ತುಗಳಿವೆ. ಇವಿಷ್ಟನ್ನು ಪಾಲಿಸಲು ಕನಿಷ್ಠ ಇಬ್ಬರು ಜೊತೆಗಾರರು ಸಿಗುವವರೆಗೆ ಸ್ವಂತ ಸರ್ವರ್ ತೆರೆಯದೆ, ಈಗಾಗಲೇ ನಡೆಯುತ್ತಿರುವ ಒಂದರಲ್ಲಿ ಮಾಡರೇಟರ್ ಆಗಿ ಸೇರುವುದನ್ನೇ ಶಿಫಾರಸು ಮಾಡುತ್ತೇನೆ.