‘ಆಕ್ಸೆಸ್ ಅಂದ್ರೆ ಫ್ರೀ ಅಂತ ನಾವೆಲ್ಲಿ ಹೇಳಿದೀವಿ ಸರ್?’ – 28,320 ರೂಪಾಯಿ ಕೊಟ್ಟು ಕೇಳಿಸಿಕೊಂಡ ಮಾತು

ಮೊದಲೇ ಹೇಳಿಬಿಡುತ್ತೇನೆ. ಮಾಲ್‌ನಲ್ಲಿ ಕೂಪನ್ ಬರೆಸಿಕೊಂಡು, ಆಮೇಲೆ ಫೋನ್ ಮಾಡಿ ‘ಏರ್‌ಪೋರ್ಟ್ ಲೌಂಜ್‌ಗೆ ಲೈಫ್‌ಟೈಮ್ ಮೆಂಬರ್‌ಶಿಪ್, ಜೊತೆಗೆ ಏರ್‌ಲೈನ್ ಗೋಲ್ಡ್ ಸ್ಟೇಟಸ್’ ಅಂದರೆ ಫೋನ್ ಇಟ್ಟುಬಿಡಿ. ನಾನು ಇಡಲಿಲ್ಲ. 28,320 ರೂಪಾಯಿ ಹೋಯಿತು. ದುಡ್ಡು ಹಾಳಾಗಿ ಹೋಗಲಿ, ಮಾವನ ಮುಂದೆ ಮರ್ಯಾದೆ ಹೋಯಿತಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ನಾನು ಪೀಣ್ಯದ ಸಣ್ಣ ಕಂಪನಿಯೊಂದರಲ್ಲಿ ಮಷಿನ್ ಸರ್ವಿಸ್ ಮಾಡುವವನು. ತಿಂಗಳಿಗೆ ಒಂದೋ ಎರಡೋ ಸಲ ಪುಣೆ, ದೆಹಲಿ ಅಂತ ಓಡಾಟ ಇದ್ದೇ ಇರುತ್ತದೆ. ಲೌಂಜ್ ಅಂದರೆ ಏರ್‌ಪೋರ್ಟ್ ಒಳಗೆ ಆರಾಮಾಗಿ ಕೂತು ತಿಂಡಿ ತಿನ್ನುವ ಜಾಗ. ಅದರ ಆಸೆ ಯಾಕೆ ಬಂತು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ವಿಜಯನಗರದಿಂದ ದೇವನಹಳ್ಳಿಗೆ ಹೋಗಬೇಕು, ನಡುವೆ ಹೆಬ್ಬಾಳ. ಅದನ್ನು ನಂಬುವ ಹಾಗಿಲ್ಲ. ಹಾಗಾಗಿ ಒಂದು ಗಂಟೆ ಮುಂಚೆಯೇ ಹೊರಡುತ್ತೇನೆ. ಅವತ್ತೇ ರಸ್ತೆ ಖಾಲಿ ಇರುತ್ತದೆ. ಆಮೇಲೆ ಗೇಟ್ ಹತ್ತಿರ ಎರಡು ಗಂಟೆ ಕೂತು ಆಕಳಿಸಬೇಕು.

ಇಂಥ ಹೊತ್ತಿನಲ್ಲಿ ಮಲ್ಲೇಶ್ವರದ ಕಡೆಯ ಒಂದು ಮಾಲ್‌ನಲ್ಲಿ ಒಬ್ಬ ಹುಡುಗ ಲಕ್ಕಿ ಡ್ರಾ ಕೂಪನ್ ಕೊಟ್ಟ. ಬರೆದು ಹಾಕಿದೆ. ನಾಲ್ಕನೇ ದಿನ ಫೋನ್. ‘ಕಂಗ್ರಾಟ್ಸ್ ಸರ್, ಗಿಫ್ಟ್ ಬಂದಿದೆ, ಮೇಡಂ ಜೊತೆ ಹೋಟೆಲ್‌ಗೆ ಬನ್ನಿ.’ ಗಂಡ ಹೆಂಡತಿ ಇಬ್ಬರೂ ಬರಬೇಕಂತೆ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹಾಲ್ ತುಂಬ ರೌಂಡ್ ಟೇಬಲ್‌ಗಳು, ಕಿವಿ ಒಡೆಯುವಂಥ ಹಾಡು. ಟೇಬಲ್‌ಗೆ ಒಂದು ಜೋಡಿ, ಒಬ್ಬ ಸೇಲ್ಸ್‌ನವನು. ಯಾರಾದರೂ ಸೈನ್ ಹಾಕಿದರೆ ಮೈಕ್‌ನಲ್ಲಿ ಹೆಸರು ಕೂಗಿ ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸುತ್ತಿದ್ದರು. ನಮ್ಮ ಟೇಬಲ್‌ನವನು 65,000ದಿಂದ ಶುರು ಮಾಡಿದ. ಒಳಗೆ ಹೋಗಿ ‘ಮ್ಯಾನೇಜರ್ ಹತ್ರ ಮಾತಾಡಿ’ ಬಂದ, 40,000 ಆಯಿತು. ಇನ್ನೊಂದು ಸಲ ಹೋಗಿ ಬಂದ, 24,000 ಮತ್ತು ಜಿಎಸ್‌ಟಿ. ‘ಇವತ್ತು ಮಾತ್ರ ಸರ್.’ ನನ್ನ ಹೆಂಡತಿ ಮೊಣಕೈಯಲ್ಲಿ ತಿವಿದು, ‘ರೀ, ಮನೆಗೆ ಹೋಗಿ ಯೋಚನೆ ಮಾಡೋಣ’ ಅಂದಳು. ನಾನು ಕೇಳಲಿಲ್ಲ. ಅವಳು ಅದನ್ನು ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಅವನು ಬಾಯಲ್ಲಿ ಹೇಳಿದ್ದು ಇಷ್ಟು. ಎಲ್ಲಾ ಏರ್‌ಪೋರ್ಟ್‌ನಲ್ಲೂ ಲೌಂಜ್ ಆಕ್ಸೆಸ್, ಜೊತೆಗೆ ಮೂವರು ಗೆಸ್ಟ್. ಅವರ ಕ್ಲಬ್‌ನ ಟಿಕೆಟ್ ಡೆಸ್ಕ್ ಮೂಲಕ ಟಿಕೆಟ್ ಮಾಡಿಸಿದರೆ ಆರು ತಿಂಗಳಲ್ಲಿ ಏರ್‌ಲೈನ್ ಗೋಲ್ಡ್, ಅಂದರೆ ಜಾಸ್ತಿ ಹಾರುವವರಿಗೆ ವಿಮಾನ ಕಂಪನಿ ಕೊಡುವ ಮೇಲಿನ ದರ್ಜೆ. ಗೋಲ್ಡ್ ಬೇಗ ಬರಬೇಕಾದರೆ ಕ್ರೆಡಿಟ್ ಕಾರ್ಡ್ ಪಾಯಿಂಟ್‌ಗಳನ್ನು ಏರ್‌ಲೈನ್‌ಗೆ ಟ್ರಾನ್ಸ್‌ಫರ್ ಮಾಡಬೇಕು. ಸೈನ್ ಹಾಕಿದೆ. ನನ್ನ ಹೆಸರು ಕೂಗಿದರು. ಚಪ್ಪಾಳೆ. ಥೂ, ಆ ಚಪ್ಪಾಳೆ ನೆನೆಸಿಕೊಂಡರೆ ಮೈಯೆಲ್ಲಾ ಉರಿಯುತ್ತದೆ.

ಈಗ ಮಾವನ ವಿಷಯಕ್ಕೆ ಬರುತ್ತೇನೆ. ಅರಸೀಕೆರೆಯವರು, ರಿಟೈರ್ಡ್ ಮೇಷ್ಟ್ರು. ಅತ್ತೆ ಹೋಗಿ ಎರಡು ವರ್ಷ. ಕಾಶಿಗೆ ಹೋಗಬೇಕು ಅಂತ ಅವರ ಆಸೆ, ನಾನೇ ಕರೆದುಕೊಂಡು ಹೊರಟೆ. ಮೊದಲ ಸಲ ವಿಮಾನ. ಟರ್ಮಿನಲ್ 2ರಲ್ಲಿ ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಗಿಡಗಳು, ಅವರು ಕತ್ತೆತ್ತಿ ನೋಡುತ್ತಲೇ ನಿಂತುಬಿಟ್ಟರು. ನಾನು ದೊಡ್ಡ ಮನುಷ್ಯನ ಹಾಗೆ ‘ಬನ್ನಿ ಮಾವ, ಲೌಂಜ್‌ನಲ್ಲಿ ಕೂತು ತಿಂಡಿ ತಿನ್ನೋಣ, ನಂದು ಮೆಂಬರ್‌ಶಿಪ್ ಇದೆ’ ಅಂದೆ. ಈ ಮಾತು ಆಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಕೌಂಟರ್ ಹುಡುಗಿ ನನ್ನ ಗೋಲ್ಡ್ ಕಲರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸ್ವೈಪ್ ಮಾಡಿದಳು. ಮಷಿನ್ ಕುಂಯ್ ಅಂತು. ಇನ್ನೊಂದು ಸಲ ಮಾಡಿದಳು, ಮತ್ತೆ ಕುಂಯ್. ‘ಸರ್, ಇದು ನಮ್ಮ ಲಿಸ್ಟ್‌ನಲ್ಲಿ ಇಲ್ಲ. ನೀವು ಪೇ ಮಾಡಿ ಹೋಗಬಹುದು, ಒಬ್ಬರಿಗೆ 1,300.’ ಹಿಂದೆ ಆರೇಳು ಜನ ಸಾಲಿನಲ್ಲಿದ್ದರು. ನಾನು ಮೆತ್ತಗೆ ‘ಇಲ್ಲ, ಇದು ಲೈಫ್‌ಟೈಮ್’ ಅಂದೆ. ಲೈಫ್‌ಟೈಮ್ ಅಂತೆ! ಹುಡುಗಿ ಪಾಪ, ನಗಲಿಲ್ಲ. ‘ಬೇರೆ ಬ್ಯಾಂಕ್ ಕಾರ್ಡ್ ಏನಾದ್ರೂ ಇದೆಯಾ ಸರ್? ರುಪೇ ಪ್ಲಾಟಿನಂ ಥರ?’ ಅಂತ ಕೇಳಿದಳು.

ನನ್ನ ಹತ್ತಿರ ಇರಲಿಲ್ಲ. ಮಾವ ಜೇಬಿನಿಂದ ಪರ್ಸ್ ತೆಗೆದು, ಪೆನ್ಷನ್ ಅಕೌಂಟಿನ ಡೆಬಿಟ್ ಕಾರ್ಡ್ ಕೊಟ್ಟು, ‘ಇದು ನೋಡಮ್ಮ ಆಗುತ್ತಾ’ ಅಂದರು. ಪಿನ್ ನಂಬರ್ ಕನ್ನಡಕದ ಡಬ್ಬಿಯೊಳಗೆ ಚೀಟಿಯಲ್ಲಿ ಬರೆದಿಟ್ಟಿದ್ದರು. ಡಬ್ಬಿ ತೆಗೆದರು, ಚೀಟಿ ನೋಡಿದರು, ಒತ್ತಿದರು. ಎರಡು ರೂಪಾಯಿ ಕಟ್ ಆಯಿತು. ‘ನೀವು ಹೋಗಬಹುದು ಸರ್’ ಅಂದಳು. ಅವರಿಗೆ ಎರಡು ರೂಪಾಯಿ. ಗೋಲ್ಡ್ ಮೆಂಬರ್ ಆದ ನನಗೆ 1,300. ಕೊಟ್ಟೆ, ಇನ್ನೇನು ಮಾಡಲಿ? ಒಳಗೆ ತಣ್ಣಗಾದ ಇಡ್ಲಿ ಮುಂದೆ ಕೂತಾಗ ಮಾವ ಮೆಲ್ಲಗೆ ಕೇಳಿದರು: ‘ಅಳಿಯಂದ್ರೇ, ನಿಮ್ಮ ಕಾರ್ಡು ಎಷ್ಟರದ್ದು?’ ಸುಳ್ಳು ಹೇಳಿದೆ. ‘ಸುಮ್ನೆ ಕೊಟ್ಟಿದ್ದು ಮಾವ, ಫ್ರೀ.’

ಕಾಶಿಯಿಂದಲೇ ಕಾರ್ಡ್ ಮಾರಿದ ಕ್ಲಬ್‌ನವರ ಜೊತೆ ವಾಟ್ಸಾಪ್‌ನಲ್ಲಿ ಜಗಳ ಶುರು ಮಾಡಿದೆ. ಅವರ ಉತ್ತರ ಹಾಗೇ ಹಾಕುತ್ತೇನೆ, ನೋಡಿ.

‘ಸರ್, ಆಕ್ಸೆಸ್ ಅಂದ್ರೆ ಆಕ್ಸೆಸ್. ನೀವು ಒಳಗೆ ಹೋದ್ರಿ ತಾನೇ?’

ಹೋದೆ, ದುಡ್ಡು ಕೊಟ್ಟು ಹೋದೆ ಅಂದೆ.

‘ಆಕ್ಸೆಸ್ ಅಂದ್ರೆ ಫ್ರೀ ಅಂತ ನಾವೆಲ್ಲಿ ಹೇಳಿದೀವಿ ಸರ್? ಅಗ್ರಿಮೆಂಟ್ ಪೇಜ್ 7 ನೋಡಿ.’

ಪೇಜ್ 7 ನೋಡಿದೆ. ಇರುವೆಯಂಥ ಅಕ್ಷರದಲ್ಲಿ ಇತ್ತು. ಲೌಂಜ್ ಶುಲ್ಕ ಸದಸ್ಯರದ್ದೇ, 48 ಗಂಟೆ ಮುಂಚೆ ಡೆಸ್ಕ್‌ಗೆ ತಿಳಿಸಬೇಕು, ಲೌಂಜ್ ಒಪ್ಪಿದರೆ ಮಾತ್ರ. ದುಡ್ಡು ಕೊಟ್ಟರೆ ಯಾರು ಬೇಕಾದರೂ ಹೋಗಬಹುದಾದ ಬಾಗಿಲಿಗೆ 28,320 ರೂಪಾಯಿಯ ಪರ್ಮಿಶನ್!

ಒಂದು ಮಾತು. ಬರೀ ಎಂಟ್ರಿ ಹಕ್ಕು ಮಾರುವ ಮೆಂಬರ್‌ಶಿಪ್‌ಗಳು ಇಲ್ಲವೇ ಇಲ್ಲ ಅಂತಲ್ಲ. ಪ್ರಯಾರಿಟಿ ಪಾಸ್ 1992ರಿಂದ ಇದೆ. ಅವರ ಅಮೆರಿಕದ ದರದಲ್ಲಿ ಕಡಿಮೆಯದು ವರ್ಷಕ್ಕೆ 99 ಡಾಲರ್, ಆಮೇಲೂ ಪ್ರತಿ ಸಲ 35 ಡಾಲರ್. ಆದರೆ ಅದನ್ನು ಮುಖಕ್ಕೆ ಹೊಡೆದ ಹಾಗೆ ಬರೆದಿರುತ್ತಾರೆ. ಲೆಕ್ಕ ಹಾಕಿ ಬೇಕಾದರೆ ತಗೋಬಹುದು. ಇವರ ಹಾಗೆ ಪೇಜ್ 7ರಲ್ಲಿ ಬಚ್ಚಿಟ್ಟಿರುವುದಿಲ್ಲ.

ಗೋಲ್ಡ್ ಕಥೆ ಇನ್ನೂ ಚಂದ. ಅವರ ಡೆಸ್ಕ್ ಮೂಲಕ ಏಳು ಟಿಕೆಟ್ ಮಾಡಿಸಿದ್ದೆ. ಏರ್‌ಲೈನ್ ಆಪ್‌ನಲ್ಲಿ ನೋಡಿದರೆ ಸ್ಟೇಟಸ್ ಗೆರೆ ಸೊನ್ನೆಯಲ್ಲೇ ಕೂತಿದೆ. ಏರ್‌ಲೈನ್‌ಗೆ ಫೋನ್ ಮಾಡಿದೆ. ಆ ಹೆಣ್ಣುಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದರು. ಟಿಕೆಟ್ ಮೇಲೆ ಕ್ಲಾಸ್ ಅಂತ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಾಯಿಂಟ್ ಬರುತ್ತೋ ಇಲ್ಲವೋ, ಎಷ್ಟು ಬರುತ್ತೆ, ಎಲ್ಲಾ ಆ ಅಕ್ಷರದ ಮೇಲೆ. ಪಕ್ಕದ ಸೀಟಿನವನಿಗೂ ನನಗೂ ಅದೇ ಎಕಾನಮಿ, ಅದೇ ನೀರಿನ ಬಾಟ್ಲಿ, ಆದರೆ ಅಕ್ಷರ ಬೇರೆ. ನನ್ನ ಏಳೂ ಟಿಕೆಟ್ ಗ್ರೂಪ್ ದರದವು. ಸಗಟಾಗಿ ತೆಗೆದು ಬಿಡಿಯಾಗಿ ಮಾರಿದ್ದಾರೆ. ಅದಕ್ಕೆ ಏನೂ ಸೇರುವುದಿಲ್ಲ.

ಮತ್ತೆ ನನ್ನ ಕ್ರೆಡಿಟ್ ಕಾರ್ಡ್ ಪಾಯಿಂಟ್? ಮೂರು ವರ್ಷ ಕೂಡಿಟ್ಟ 20,000. ಅದು ಏರ್‌ಲೈನ್ ಅಕೌಂಟಿಗೆ ಬಂದಿದೆ. ಆದರೆ ಅದು ಖರ್ಚು ಮಾಡುವ ಪಾಯಿಂಟ್, ಟಿಕೆಟ್ ತೆಗೆಯಲು ಆಗುತ್ತದೆ ಅಷ್ಟೇ. ಸ್ಟೇಟಸ್‌ನ ಲೆಕ್ಕವೇ ಬೇರೆ, ಅದು ಹಾರಿದ್ದಕ್ಕೆ ಬರುವುದು. ಎರಡೂ ಬೇರೆ ಬೇರೆ ಹುಂಡಿ. ವಾಪಸ್ ಕಾರ್ಡ್‌ಗೆ ಹಾಕಿ ಅಂದರೆ ಆಗಲ್ಲ ಅಂದರು. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ನಾನೂ ಕೇಳಲಿಲ್ಲ, ಒಪ್ಪುತ್ತೇನೆ.

ಕ್ಲಬ್‌ನವರಿಗೆ ಇದನ್ನೇ ಬರೆದೆ. ಬಂದ ಉತ್ತರ: ‘ಡಿಯರ್ ಸರ್, ಮೈಲ್ಸ್ ಕ್ರೆಡಿಟ್ ಆಗಿದೆ ಅಲ್ವಾ? ಗೋಲ್ಡ್ ಕೊಡೋದು ಏರ್‌ಲೈನ್ ಕೈಲಿರೋದು. ನಾವು ಗೈಡ್ ಮಾತ್ರ ಮಾಡ್ತೀವಿ.’ ಪಾಯಿಂಟ್‌ಗೇ ಅವರು ಮೈಲ್ಸ್ ಅನ್ನುವುದು. ಕೆಳಗೆ ಒಂದು ನಮಸ್ಕಾರದ ಎಮೋಜಿ. ಆ ಎಮೋಜಿಗೆ ಬಂದ ಕೋಪ ಬೇರೆ ಯಾವುದಕ್ಕೂ ಬರಲಿಲ್ಲ.

ಇನ್ನು ಆ ಲೈಫ್‌ಟೈಮ್ ಅನ್ನುವ ಪದ. ಯಾರ ಲೈಫು? ಇದೇ ಊರಿನ ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ 2019ರಲ್ಲಿ ನಿಂತಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾ ಒಳಗೆ ಸೇರಿಹೋಯಿತು. ವಿಮಾನ ಕಂಪನಿಗಳೇ ಹೀಗಿರುವಾಗ, ಬಾಡಿಗೆ ಹಾಲ್‌ನಲ್ಲಿ ಟೇಬಲ್ ಹಾಕಿ ಕೂತವರ ಲೈಫ್‌ಟೈಮ್ ಎಷ್ಟು ದಿನದ್ದು? ಏರ್‌ಲೈನ್ ಸ್ಟೇಟಸ್ಸೇ ಒಂದು ಅವಧಿಗೆ ಮಾತ್ರ, ಮತ್ತೆ ಹಾರದಿದ್ದರೆ ಇಳಿಸುತ್ತಾರೆ. ನಿಜವಾದ ಗೋಲ್ಡ್‌ಗೂ ಶರತ್ತು ಇದೆ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಅನ್ನುವ ವಿಮಾನ ಕಂಪನಿಗಳ ಗುಂಪಿನಲ್ಲಿದೆ. ಅದರ ಗೋಲ್ಡ್ ಇದ್ದರೆ ಲೌಂಜ್ ಸಿಗುತ್ತದೆ, ಆದರೆ ಅದೇ ದಿನ ಆ ಗುಂಪಿನ ವಿಮಾನದ ಬೋರ್ಡಿಂಗ್ ಪಾಸ್ ಕೈಯಲ್ಲಿರಬೇಕು. ಬಜೆಟ್ ವಿಮಾನ ಹತ್ತುವವನಿಗೆ ಅದು ಬರುವುದಿಲ್ಲ. ಕಂಪನಿ ಯಾವುದು ಕಡಿಮೆಯೋ ಅದರಲ್ಲಿ ಕಳಿಸುವಾಗ ನನ್ನಂಥವನಿಗೆ ಗೋಲ್ಡ್ ಕನಸೇ ದಂಡ.

ದುಡ್ಡು ವಾಪಸ್ ಕೇಳಿದ್ದಕ್ಕೆ, ಹತ್ತು ದಿನದೊಳಗೆ ಕ್ಯಾನ್ಸಲ್ ಮಾಡಬೇಕಿತ್ತು ಅಂದರು. ಕಾರ್ಡ್ ಬಂದಿದ್ದೇ ಹದಿನೈದನೇ ದಿನ! 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್. ಅದಕ್ಕೆ ಅವರ ಪ್ರತಿಕ್ರಿಯೆ, ‘ದುಡ್ಡು ಬದಲು ಗೋವಾದಲ್ಲಿ ಎರಡು ರಾತ್ರಿ ಕೊಡ್ತೀವಿ, ಟ್ಯಾಕ್ಸ್ ನೀವು ಕಟ್ಟಿ.’ ಬೇಡ ಅಂದೆ. ಮುಂದಿನದು ಗ್ರಾಹಕರ ಆಯೋಗ. ಐದು ಲಕ್ಷದೊಳಗಿನ ಕೇಸಿಗೆ ಅಲ್ಲಿ ಫೀಸ್ ಇಲ್ಲ.

ನೀವು ಇಷ್ಟು ಮಾಡಿ ಸಾಕು. ಮೊದಲು ನಿಮ್ಮ ಹಳೆಯ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಿಗೆ ಲೌಂಜ್ ಇದೆಯಾ ಅಂತ ಬ್ಯಾಂಕ್‌ನಲ್ಲಿ ಕೇಳಿ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅಂತ ಈಗ ಜಾಸ್ತಿ ಕಾರ್ಡ್‌ಗಳಲ್ಲಿ ಶರತ್ತು ಇದೆ, ಅದನ್ನೂ ಕೇಳಿ. ಟಿಕೆಟ್ ಮೇಲಿನ ಆ ಅಕ್ಷರ ನೋಡಿ. ಪಾಯಿಂಟ್ ಬೀಳುವ ತನಕ ಬೋರ್ಡಿಂಗ್ ಪಾಸ್ ಎಸೆಯಬೇಡಿ. ವಾಟ್ಸಾಪ್‌ನಲ್ಲಿ ಲೌಂಜ್ ಆಪ್ ಲಿಂಕ್ ಬಂದರೆ ಮುಟ್ಟಲೇಬೇಡಿ. 2024ರಲ್ಲಿ ನಮ್ಮ ಏರ್‌ಪೋರ್ಟ್‌ನಲ್ಲೇ ಒಬ್ಬ ಮಹಿಳೆ ಅಂಥ ನಕಲಿ ಆಪ್ ಹಾಕಿಕೊಂಡು 87,000 ರೂಪಾಯಿ ಕಳೆದುಕೊಂಡಿದ್ದು ಸುದ್ದಿಯಾಗಿತ್ತು. ಅಂಥದ್ದಾದರೆ ತಕ್ಷಣ ಸೈಬರ್ ವಂಚನೆಯ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡಿ. ಹೆಂಡತಿ ಮೊಣಕೈಯಲ್ಲಿ ತಿವಿದರೆ ಎದ್ದು ಬನ್ನಿ.

ಇದೇ ಥರ ಹೋಟೆಲ್ ಹಾಲ್‌ನಲ್ಲಿ ಕೂತು ಸೈನ್ ಹಾಕಿದವರು ಇದ್ದರೆ ಹೇಳಿ, ಒಟ್ಟಿಗೆ ದೂರು ಕೊಡೋಣ. ಬಿಲ್, ಪೇಜ್ 7, ವಾಟ್ಸಾಪ್ ಉತ್ತರಗಳು, ಆ ಎಮೋಜಿ ಸಮೇತ ಎಲ್ಲಾ ನನ್ನ ಹತ್ತಿರ ಇವೆ. ಅವತ್ತು ಮೈಕ್‌ನಲ್ಲಿ ಹೆಸರು ಕೂಗಿಸಿಕೊಂಡವನು ನಾನೊಬ್ಬನೇ ಅಲ್ಲ. ನನಗಿಂತ ಮುಂಚೆ ಆರು ಜೋಡಿಗೆ ನಾನೂ ಚಪ್ಪಾಳೆ ಹೊಡೆದಿದ್ದೇನೆ.